ಆ ಸಾಲಿನ ಹಾಲುವಾಣ ಯಾಕೆ ಮುಟ್ಟಬಾರದಿತ್ತು? ಯೋಜನೆ ಹಾಕುವ ಎಐ ಮತ್ತು ಬರೆಯದೆ ಉಳಿದ ಕಾರಣಗಳು

ಅಪ್ಪನ ಕಾಫಿ ತೋಟದ ಪುಸ್ತಕದಲ್ಲಿ ಒಂದು ಸಾಲು ಇತ್ತು. "ಪಡುವಣ ಬ್ಲಾಕ್, ಮೇಲಿನ ಸಾಲಿನ ಹಾಲುವಾಣ ಮುಟ್ಟಬೇಡಿ." ಅಷ್ಟೇ. ಹಾಲುವಾಣ ಅಂದರೆ ಕಾಫಿಗೆ ನೆರಳು ಕೊಡಲು ಬೆಳೆಸುವ ಮರ. ಯಾಕೆ ಮುಟ್ಟಬಾರದು ಅಂತ ಬರೆದಿರಲಿಲ್ಲ. ಅವರಿಗೆ ಗೊತ್ತಿತ್ತು, ಬರೆಯಬೇಕು ಅಂತ ಅನಿಸಿರಲಿಕ್ಕಿಲ್ಲ.

ಅಪ್ಪ ತೀರಿಕೊಂಡ ಎರಡನೇ ವರ್ಷ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಸುವ ಕೆಲಸ, ಮಾಡಿಸುವಾಗ ಆ ಸಾಲನ್ನೂ ಬೋಳಿಸಿದೆವು. ನಮಗೂ ಒಂದು ಕಾರಣ ಇತ್ತು. ನೆರಳು ದಟ್ಟವಾಗಿತ್ತು. ಮೂಡಿಗೆರೆ ಕಡೆಯ ಮಳೆಗೆ ತೋಟದೊಳಗೆ ಗಾಳಿ ಬೆಳಕು ಆಡದಿದ್ದರೆ ಕೊಳೆರೋಗ ಹಿಡಿಯುತ್ತದೆ. ಅದು ಸರಿಯಾದ ಕಾರಣವೇ. ಆದರೆ ಮುಂದಿನ ಎರಡು ವರ್ಷದಲ್ಲಿ ಆ ಸಾಲಿನ ಅರೇಬಿಕಾ ಗಿಡಗಳ ಎಲೆ ಹಳದಿಯಾಗತೊಡಗಿತು. ಕಾಂಡ ಸವರಿದರೆ ಕೈಗೆ ಉಬ್ಬು ಗೆರೆ ಸಿಗುತ್ತಿತ್ತು. ಬೋರರ್. ನಲವತ್ತಕ್ಕೂ ಜಾಸ್ತಿ ಗಿಡ ಕಿತ್ತು ಸುಟ್ಟೆವು.

ಬೋರರ್ ಅಂದರೆ ಬಿಳಿ ಕಾಂಡಕೊರಕ. ಅದರ ದುಂಬಿ ಬಿಸಿಲು ಬೀಳುವ ಕಾಂಡವನ್ನು ಹುಡುಕಿಕೊಂಡು ಬರುತ್ತದೆ. ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ಅದರ ಹಾರಾಟ ಜೋರು. ನಮ್ಮ ಆ ಸಾಲು ಇಳಿಜಾರಿನ ತುದಿಯಲ್ಲಿದೆ. ಮಧ್ಯಾಹ್ನ ಕಳೆದ ಮೇಲೆ ಬಿಸಿಲು ನೇರ ಕಾಂಡಕ್ಕೇ ಹೊಡೆಯುತ್ತದೆ. ಹಾಲುವಾಣ ಅಲ್ಲಿ ನಿಂತಿದ್ದು ಆ ಬಿಸಿಲಿಗೆ ಅಡ್ಡವಾಗಿ. ಇದು ಗೊತ್ತಿದ್ದರೆ ಒಳಗಿನ ಸಾಲುಗಳನ್ನು ತೆಳುವು ಮಾಡಿ, ಅಂಚಿನ ಸಾಲನ್ನು ಹಾಗೇ ಬಿಡುತ್ತಿದ್ದೆವು. ಕೊಳೆರೋಗವೂ ತಪ್ಪುತ್ತಿತ್ತು, ಬೋರರ್ರೂ ತಪ್ಪುತ್ತಿತ್ತು.

ನಾನು ಓದಿದ್ದು ಕಂಪ್ಯೂಟರ್. ಹಾಗಾಗಿ ಈ ನಷ್ಟದ ಬಗ್ಗೆ ಯೋಚಿಸಿದಾಗಲೆಲ್ಲ ಕೃತಕ ಬುದ್ಧಿಮತ್ತೆಯ ಒಂದು ಹಳೇ ಪ್ರಶ್ನೆ ನೆನಪಾಗುತ್ತದೆ. ಒಂದು ಯೋಜನೆಯಲ್ಲಿ ಏನು ಮಾಡಬೇಕು, ಯಾವಾಗ ಮಾಡಬೇಕು ಅನ್ನುವುದರ ಜೊತೆಗೆ ಯಾಕೆ ಮಾಡಬೇಕು ಅನ್ನುವುದೂ ಇರಬೇಕೇ? ಐವತ್ತು ವರ್ಷಗಳಿಂದ ಸಂಶೋಧಕರು ಇದರ ಹಿಂದೆ ಬಿದ್ದಿದ್ದಾರೆ. ಈಗ ಬೆಳೆಗಾರರ ಮೊಬೈಲಿಗೆ ಎಐ ಸಲಹೆಗಳು ಬರತೊಡಗಿವೆ. ಯಾವಾಗ ಗೊಬ್ಬರ, ಯಾವಾಗ ಸಿಂಪಡಣೆ, ಎಷ್ಟು ನೀರು ಅಂತ ಯಂತ್ರ ಹೇಳುತ್ತದೆ. ಹಾಗಾಗಿ ಇದು ಲ್ಯಾಬಿನ ಪ್ರಶ್ನೆಯಾಗಿ ಉಳಿದಿಲ್ಲ. ನಮ್ಮ ಕಣದವರೆಗೆ ಬಂದಿದೆ.

ಮೊದಲು ಯಂತ್ರ ಹೇಗೆ ಯೋಜನೆ ಹಾಕುತ್ತದೆ ಅಂತ ನೋಡೋಣ. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ 1966ರಿಂದ 1972ರವರೆಗೆ ಶೇಕಿ ಅನ್ನುವ ರೋಬಾಟ್ ಕಟ್ಟಿದರು. ಕೋಣೆಯಿಂದ ಕೋಣೆಗೆ ಹೋಗುವುದು, ಪೆಟ್ಟಿಗೆ ತಳ್ಳುವುದು ಅದರ ಕೆಲಸ. ಅದಕ್ಕಾಗಿ ರಿಚರ್ಡ್ ಫೈಕ್ಸ್ ಮತ್ತು ನಿಲ್ಸ್ ನಿಲ್ಸನ್ 1971ರಲ್ಲಿ ಸ್ಟ್ರಿಪ್ಸ್ ಅನ್ನುವ ವಿಧಾನ ತಂದರು. ಅದರಲ್ಲಿ ಪ್ರತಿ ಕೆಲಸಕ್ಕೂ ಮೂರು ವಿಷಯ ಬರೆಯುತ್ತಾರೆ. ಕೆಲಸ ಶುರು ಮಾಡಲು ಮೊದಲೇ ಏನು ಇರಬೇಕು. ಮಾಡಿದ ಮೇಲೆ ಹೊಸದಾಗಿ ಏನು ನಿಜವಾಗುತ್ತದೆ. ಮೊದಲು ನಿಜವಾಗಿದ್ದ ಯಾವುದು ಈಗ ಸುಳ್ಳಾಗುತ್ತದೆ. ಇಷ್ಟು ಕೊಟ್ಟು, ಈಗಿನ ಸ್ಥಿತಿ ಹೇಳಿ, ಬೇಕಾದ ಗುರಿ ಹೇಳಿದರೆ ನಡುವಿನ ಹೆಜ್ಜೆಗಳನ್ನು ಯಂತ್ರವೇ ಜೋಡಿಸುತ್ತದೆ. 1998ರಲ್ಲಿ ಡ್ರೂ ಮ್ಯಾಕ್‌ಡರ್ಮಟ್ ಮತ್ತು ಜೊತೆಗಾರರು ರೂಪಿಸಿದ ಪಿಡಿಡಿಎಲ್ ಅನ್ನುವ, ಯೋಜನೆಯ ಲೆಕ್ಕ ಬರೆಯುವ ಭಾಷೆಗೂ ಇದೇ ತಳಹದಿ. ಪ್ಲಾನಿಂಗ್ ಸಾಫ್ಟ್‌ವೇರ್‌ಗಳು ಇವತ್ತಿಗೂ ಅದನ್ನು ಬಳಸುತ್ತವೆ.

ಕೇಳಲು ಸುಲಭ. ಕಷ್ಟ ಇರುವುದು ಆ ಮೂರು ವಿಷಯ ಬರೆಯುವುದರಲ್ಲಿ. ಇದಕ್ಕೆ ನಾಲೆಡ್ಜ್ ಮಾಡೆಲಿಂಗ್ ಅನ್ನುತ್ತಾರೆ. ತಿಳಿವಳಿಕೆಯನ್ನು ಯಂತ್ರಕ್ಕೆ ಅರ್ಥವಾಗುವ ಅಚ್ಚಿಗೆ ಹೊಯ್ಯುವುದು ಅಂತ ಇಟ್ಟುಕೊಳ್ಳಿ.

ನಮಗೆಲ್ಲ ಗೊತ್ತಿರುವ ಬೋರ್ಡೋ ದ್ರಾವಣವನ್ನೇ ತೆಗೆದುಕೊಳ್ಳೋಣ. ಮಳೆಗಾಲಕ್ಕೆ ಮೊದಲು ಮೆಣಸಿನ ಬಳ್ಳಿಗೆ ರೋಗ ಬರದಿರಲಿ ಅಂತ ಶೇಕಡ 1ರ ಬೋರ್ಡೋ ಹೊಡೆಯುತ್ತೇವೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಯಂತ್ರಕ್ಕೆ ಹೀಗೆ ಬರೆಯಬಹುದು: ಮೊದಲು ಇರಬೇಕಾದದ್ದು ಮೈಲುತುತ್ತ, ಸುಣ್ಣ, ನೀರು, ಪಂಪ್, ಆಳು. ಆದ ಮೇಲೆ ಬರುವುದು ಬಳ್ಳಿಗೆ ರಕ್ಷಣೆ. ಮುಗಿಯಿತು ಅನಿಸುತ್ತದೆ, ಅಲ್ವಾ?

ಆದರೆ ಬೋರ್ಡೋ ಕಲಸುವ ಮೇಸ್ತ್ರಿಯ ಪಕ್ಕ ಅರ್ಧ ಗಂಟೆ ನಿಂತು ನೋಡಿ. ಅವರು ಮೈಲುತುತ್ತವನ್ನು ಕಬ್ಬಿಣದ ಡ್ರಮ್ಮಿಗೆ ಹಾಕುವುದಿಲ್ಲ. ಪ್ಲಾಸ್ಟಿಕ್ ಡ್ರಮ್ಮೇ ಬೇಕು. ಎರಡನ್ನೂ ಬೇರೆ ಬೇರೆ ಕರಗಿಸುತ್ತಾರೆ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾರೆ, ಒಬ್ಬರು ಕಲಕುತ್ತಲೇ ಇರುತ್ತಾರೆ. ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯುವುದಿಲ್ಲ. ಕೊನೆಗೆ ಕತ್ತಿಯ ತುದಿ ಅದ್ದಿ ನೋಡುತ್ತಾರೆ. ತುದಿಗೆ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ನೀರು. ಕಲಸಿದ್ದನ್ನು ಅವತ್ತೇ ಖಾಲಿ ಮಾಡುತ್ತಾರೆ, ನಾಳೆಗೆ ಇಡುವುದಿಲ್ಲ.

ಪ್ರತಿಯೊಂದಕ್ಕೂ ಕಾರಣ ಇದೆ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ಅದರ ತಾಮ್ರ ಡ್ರಮ್ಮಿಗೇ ಹತ್ತಿ ಹೋಗುತ್ತದೆ. ಸುಣ್ಣಕ್ಕೆ ಸುರಿದರೆ ಕಣ ನುಣ್ಣಗೆ ಬರುತ್ತದೆ, ಎಲೆಗೆ ಚೆನ್ನಾಗಿ ಅಂಟುತ್ತದೆ. ಕತ್ತಿಗೆ ಕೆಂಪು ಹತ್ತಿದರೆ ಸುಣ್ಣಕ್ಕೆ ಸಿಗದೆ ಉಳಿದ ತಾಮ್ರ ಇನ್ನೂ ಇದೆ ಅಂತ ಅರ್ಥ. ಅದು ಎಲೆಯನ್ನು ಸುಡುತ್ತದೆ. ಹೊತ್ತು ಕಳೆದಂತೆ ಕಣ ದಪ್ಪವಾಗಿ ತಳಕ್ಕೆ ಇಳಿಯುತ್ತದೆ, ಅಂಟುವ ಗುಣ ಹೋಗುತ್ತದೆ.

ಈಗ ಯಂತ್ರಕ್ಕೆ ಬರೆದ ಆ ಸಾಲುಗಳನ್ನು ಮತ್ತೆ ನೋಡಿ. ಈ ಯಾವುದೂ ಅದರಲ್ಲಿ ಇಲ್ಲ. ಇನ್ನೂ ಬರೆಯುತ್ತಾ ಹೋಗಬಹುದು. ಸುಣ್ಣ ಹಳೆಯದಾಗಿ ಪುಡಿಯಾಗಿದ್ದರೆ? ನಾಜಲ್ ಕಟ್ಟಿಕೊಂಡರೆ? ಕೆಲಸ ಕೆಡಿಸಬಲ್ಲ ಎಲ್ಲವನ್ನೂ ಮೊದಲೇ ಪಟ್ಟಿ ಮಾಡಿ ಮುಗಿಸಲು ಸಾಧ್ಯವಿಲ್ಲ ಅಂತ ಎಐ ಕ್ಷೇತ್ರದ ಮೊದಲಿಗರಲ್ಲಿ ಒಬ್ಬರಾದ ಜಾನ್ ಮೆಕಾರ್ಥಿ ಬಹಳ ಹಿಂದೆಯೇ ಗುರುತಿಸಿದ್ದರು. ನನಗೆ ಇಲ್ಲಿ ಕಾಣುವ ದಾರಿ ಇದು. ಎಲ್ಲ ಅಡ್ಡಿಗಳನ್ನೂ ಬರೆಯಲು ಆಗದಿದ್ದರೂ, ಬರೆದ ಪ್ರತಿ ಹೆಜ್ಜೆಯ ಕಾರಣ ಬರೆಯಬಹುದು. ಎಲೆ ಸುಡಬಾರದು ಅನ್ನುವ ಕಾರಣ ಗೊತ್ತಿದ್ದವನು ಕತ್ತಿ ಸಿಗದ ದಿನ ಬೇರೆ ಕಬ್ಬಿಣದ ತುಂಡು ಅದ್ದುತ್ತಾನೆ. "ಕತ್ತಿ ಅದ್ದು" ಅಂತ ಮಾತ್ರ ಗೊತ್ತಿದ್ದವನು ಸ್ಟೀಲಿನ ಚಮಚ ಅದ್ದಿ, ಕೆಂಪು ಹತ್ತಲಿಲ್ಲ ಅಂತ ಪಂಪ್ ಹೆಗಲಿಗೇರಿಸುವ ಅಪಾಯ ಇದೆ.

ಬೋರ್ಡೋ ಹುಟ್ಟಿದ ಕಥೆಯೂ ಇದೇ ಮಾತು ಹೇಳುತ್ತದೆ. ಫ್ರಾನ್ಸಿನ ಬೋರ್ಡೋ ಸೀಮೆಯ ರೈತರು ರಸ್ತೆ ಬದಿಯ ದ್ರಾಕ್ಷಿ ಬಳ್ಳಿಗೆ ಮೈಲುತುತ್ತ, ಸುಣ್ಣ ಬೆರೆಸಿ ಬಳಿಯುತ್ತಿದ್ದರು. ರೋಗಕ್ಕಲ್ಲ. ಹಣ್ಣು ಕದಿಯುವವರು ಆ ನೀಲಿ ಬಣ್ಣ ಕಂಡು ಹೆದರಲಿ ಅಂತ. 1882ರ ಸುಮಾರಿಗೆ ಮಿಲಾರ್ಡೆ ಅನ್ನುವ ಸಸ್ಯವಿಜ್ಞಾನಿ ಆ ಬಳ್ಳಿಗಳಿಗೆ ಮಾತ್ರ ಬೂಜು ರೋಗ ಹಿಡಿದಿಲ್ಲ ಅಂತ ಗಮನಿಸಿದರು. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಮಾಡುವ ಕೆಲಸ ಒಂದೇ, ಕಾರಣ ಮಾತ್ರ ಬದಲಾಯಿತು. ಕಳ್ಳರ ಕಾರಣವೇ ಉಳಿದಿದ್ದರೆ ರಸ್ತೆ ಬದಿಯ ಎರಡು ಸಾಲಿಗೆ ಬಳಿದು ಸುಮ್ಮನಾಗುತ್ತಿದ್ದರು. ರೋಗದ ಕಾರಣ ಗೊತ್ತಾದ ಮೇಲೆ ತೋಟಕ್ಕೆಲ್ಲ ಹೊಡೆದರು. ಎಲ್ಲಿ ಹೊಡೆಯಬೇಕು, ಎಷ್ಟು, ಯಾವಾಗ ನಿಲ್ಲಿಸಬೇಕು ಅನ್ನುವುದನ್ನೆಲ್ಲ ಕಾರಣವೇ ತೀರ್ಮಾನ ಮಾಡುತ್ತದೆ.

ಇದನ್ನು ಯಂತ್ರದ ಯೋಜನೆಯೊಳಗೆ ತರಲು ಮೊದಲಿನಿಂದಲೂ ಪ್ರಯತ್ನ ನಡೆದಿದೆ. ಶೇಕಿಯ ಕಾಲದಲ್ಲೇ, 1972ರಲ್ಲಿ, ಯೋಜನೆಯ ಯಾವ ಹೆಜ್ಜೆ ಮುಂದಿನ ಯಾವ ಹೆಜ್ಜೆಗೆ ಬೇಕು ಅಂತ ತ್ರಿಕೋನಾಕಾರದ ಕೋಷ್ಟಕದಲ್ಲಿ ಬರೆದಿಡುವ ಕ್ರಮ ಬಂತು. ಯಾರೋ ಪೆಟ್ಟಿಗೆ ಸರಿಸಿಬಿಟ್ಟರೆ ಯೋಜನೆಯ ಯಾವ ಭಾಗ ಇನ್ನೂ ನಡೆಯುತ್ತದೆ ಅಂತ ಅದನ್ನು ನೋಡಿ ರೋಬಾಟ್ ಲೆಕ್ಕ ಹಾಕುತ್ತಿತ್ತು. ಎಡಿನ್‌ಬರೋದಲ್ಲಿ ಆಸ್ಟಿನ್ ಟೇಟ್ 1970ರ ದಶಕದ ನಡುವಿನಲ್ಲಿ ನಾನ್‌ಲಿನ್ ಅನ್ನುವ ಪ್ಲಾನರ್, ಅಂದರೆ ಯೋಜನೆ ಹಾಕುವ ಸಾಫ್ಟ್‌ವೇರ್, ಕಟ್ಟಿದರು. ಯಾವ ಸ್ಥಿತಿಯನ್ನು ಯಾವ ಹೆಜ್ಜೆ ತಂದಿತು, ಅದನ್ನು ಯಾವ ಹೆಜ್ಜೆವರೆಗೆ ಕಾಪಾಡಬೇಕು ಅನ್ನುವುದನ್ನು ಅದು ಯೋಜನೆಯ ಜೊತೆಗೇ ಬರೆದಿಡುತ್ತಿತ್ತು. ಯೋಜನೆಯ ಉದ್ದೇಶ ಯೋಜನೆಯೊಳಗೇ ಇರಬೇಕು ಅನ್ನುವ ಈ ವಿಚಾರ ಅವರ ಮುಂದಿನ ಪ್ಲಾನರ್ ಓ-ಪ್ಲಾನ್ ಕೆಲಸದಲ್ಲೂ ಬೆಳೆಯಿತು. ನಮ್ಮ ದೇಶದಿಂದಲೇ ಹೋದ ಸುಬ್ಬರಾವ್ ಕಂಭಂಪಾಟಿ, ಜೇಮ್ಸ್ ಹೆಂಡ್ಲರ್ ಜೊತೆ 1992ರಲ್ಲಿ ಪ್ರಕಟಿಸಿದ ಕೆಲಸವೂ ಇದೇ ದಾರಿಯದ್ದು. ಹಳೇ ಯೋಜನೆಯನ್ನು ಹೊಸ ಸ್ಥಿತಿಗೆ ಹೊಂದಿಸಬೇಕಾದರೆ, ಅದರ ಪ್ರತಿ ಹೆಜ್ಜೆಯನ್ನು ಹಿಡಿದು ನಿಲ್ಲಿಸಿರುವ ಕಾರಣಗಳ ಹಂದರ ಕೈಯಲ್ಲಿ ಇರಬೇಕು.

ಇದು ತೋಟದಲ್ಲಿ ಹೇಗೆ ಕೆಲಸಕ್ಕೆ ಬರುತ್ತದೆ? ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕುವ ಲೆಕ್ಕ ನೋಡಿ. ಫೆಬ್ರವರಿ ಕೊನೆಗೋ ಮಾರ್ಚಿಗೋ ಮೊದಲ ನೀರು. ಒಂದರಿಂದ ಒಂದೂವರೆ ಇಂಚು. ಮೊಗ್ಗು ಎಚ್ಚರಾಗಿ ಎಂಟು ಹತ್ತು ದಿನಕ್ಕೆ ಹೂ ಅರಳುತ್ತದೆ, ತೋಟವೆಲ್ಲ ಬಿಳಿ. ಆ ದಿನಗಳಲ್ಲಿ ನೀರು ಬೇಡ. ರೋಬಸ್ಟಾ ತನ್ನ ಪರಾಗಕ್ಕೆ ತಾನೇ ಕಾಯಿ ಕಟ್ಟುವುದಿಲ್ಲ. ಗಾಳಿ, ಜೇನು ಬೇರೆ ಗಿಡದ ಪರಾಗ ತರಬೇಕು. ಆಗ ನೀರು ಬಿದ್ದರೆ ಪರಾಗ ತೊಳೆದು ಹೋಗುತ್ತದೆ. ಮತ್ತೆ ಹದಿನೈದು ಇಪ್ಪತ್ತು ದಿನ ಕಳೆದು ಇನ್ನೊಂದು ನೀರು, ಬ್ಯಾಕಿಂಗ್. ಕಟ್ಟಿದ ಎಳೆಗಾಯಿ ಉದುರದೆ ನಿಲ್ಲಲಿ ಅಂತ.

ಇದನ್ನು ಬರೀ ಕ್ಯಾಲೆಂಡರ್ ಮಾಡಿ ಯಂತ್ರಕ್ಕೆ ಕೊಟ್ಟರೆ ಮೂರು ತಾರೀಕು ಸಿಗುತ್ತದೆ. ಈ ತಾರೀಕಿಗೆ ನೀರು, ಈ ವಾರ ನೀರಿಲ್ಲ, ಈ ತಾರೀಕಿಗೆ ಮತ್ತೆ ನೀರು. ಬ್ಯಾಕಿಂಗ್‌ಗೆ ಇನ್ನೂ ಎರಡು ದಿನ ಇರುವಾಗ ರಾತ್ರಿ ಗುಡುಗಿ ಒಂದು ಇಂಚಿಗೂ ಜಾಸ್ತಿ ಮಳೆ ಬಂತು ಅಂತಿಟ್ಟುಕೊಳ್ಳಿ. ಬರೀ ತಾರೀಕು ಗೊತ್ತಿರುವ ಯಂತ್ರ ನಾಡಿದ್ದು ಮೋಟಾರ್ ಹಾಕಿ ಅನ್ನುತ್ತದೆ. ಡೀಸೆಲ್ ದಂಡ, ಕೆರೆಯ ನೀರು ದಂಡ. ಕಾರಣ ಗೊತ್ತಿರುವ ಯಂತ್ರ ಹೀಗೆ ನೋಡುತ್ತದೆ: ಈ ಹೆಜ್ಜೆ ಇದ್ದದ್ದು ಕಾಯಿ ನಿಲ್ಲಲು ತೇವ ಬೇಕು ಅಂತ. ತೇವ ಮಳೆಯಿಂದಲೇ ಬಂತು. ಹಾಗಾದರೆ ಈ ಹೆಜ್ಜೆ ತೆಗೆಯಬಹುದು, ಉಳಿದ ಯೋಜನೆ ಹಾಗೇ ಇರಲಿ. ಇನ್ನೊಂದು ಸಂದರ್ಭ. ಕೂಲಿಯವರು ಇವತ್ತು ಸಿಕ್ಕಿದ್ದಾರೆ, ಸಿಂಪಡಣೆ ಇವತ್ತೇ ಮುಗಿಸೋಣ ಅಂತ ಬೆಳೆಗಾರ ಕೇಳುತ್ತಾನೆ. ಹೂ ಅರಳಿದೆ. ಕಾರಣ ಗೊತ್ತಿದ್ದರೆ ಯಂತ್ರ ತಡೆಯಬೇಕು. ಪರಾಗ ಉಳಿಯಬೇಕಾದ ಹೊತ್ತಿನಲ್ಲಿ ಪರಾಗ ಕೆಡಿಸುವ ಕೆಲಸ ಒಳಗೆ ಬರುತ್ತಿದೆ ಅಂತ. ಪ್ಲಾನಿಂಗ್ ಶಾಸ್ತ್ರದಲ್ಲಿ ಇದಕ್ಕೆ ಕಾರಣದ ಕೊಂಡಿ ಅನ್ನಬಹುದಾದ ಹೆಸರಿದೆ. ಕೊಂಡಿಯ ಎರಡು ತುದಿ ನಡುವೆ ಅದನ್ನು ಮುರಿಯುವ ಯಾವ ಕೆಲಸವೂ ನುಸುಳಬಾರದು.

ನಮ್ಮ ಕಡೆ ಇದು ಯಾಕೆ ಇಷ್ಟು ಮುಖ್ಯ ಅಂದರೆ, ಮಳೆಯ ಲೆಕ್ಕ ಹಳೇ ಪುಸ್ತಕದ ಪ್ರಕಾರ ಬರುತ್ತಿಲ್ಲ. ಹೂಮಳೆ ಒಮ್ಮೊಮ್ಮೆ ಹಣ್ಣು ಕೊಯ್ಲು ಮುಗಿಯುವ ಮೊದಲೇ ಬರುತ್ತದೆ. ಹಣ್ಣೂ ಹೂವೂ ಒಂದೇ ಕೊಂಬೆಯಲ್ಲಿ. ಕಣದಲ್ಲಿ ಹರಡಿದ ಕಾಫಿ ನೆನೆಯುತ್ತದೆ. ಅಪ್ಪನ ತಾರೀಕುಗಳು ಇವತ್ತು ನನಗೆ ಉಪಯೋಗಕ್ಕೆ ಬರುವುದಿಲ್ಲ. ಅಪ್ಪನ ಕಾರಣಗಳು ಬರುತ್ತವೆ, ಅವು ಸಿಕ್ಕರೆ.

ಆದರೆ ಒಂದು ಮಾತು ಇಲ್ಲಿ ಬಿಡಿಸಿ ಹೇಳಬೇಕು. ಕಾರಣ ಅಂದರೆ ಒಂದೇ ಬಗೆಯದ್ದಲ್ಲ. ಸ್ಟೀಫನ್ ಪೋಲ್ಯಾಕ್ ಮತ್ತು ಟೇಟ್ 1998ರ ಒಂದು ಲೇಖನದಲ್ಲಿ ಇದನ್ನು ಮೂರು ಬಗೆಯಾಗಿ ನೋಡಿದರು. ಈ ಹೆಜ್ಜೆ ಏನನ್ನು ಉಂಟು ಮಾಡುತ್ತದೆ ಅನ್ನುವುದು ಒಂದು. ಯಾವ ತೀರ್ಮಾನ ಯಾವುದರ ಮೇಲೆ ನಿಂತಿದೆ ಅನ್ನುವುದು ಇನ್ನೊಂದು. ಬೇರೆ ದಾರಿಗಳಿದ್ದಾಗ ಇದನ್ನೇ ಯಾಕೆ ಆರಿಸಿದೆವು ಅನ್ನುವುದು ಮೂರನೆಯದು. ಸ್ಪ್ರಿಂಕ್ಲರ್ ಉದಾಹರಣೆ ಮೊದಲ ಬಗೆಯದು. ಅದನ್ನು ಯಂತ್ರ ತಾನೇ ಲೆಕ್ಕ ಹಾಕಬಲ್ಲದು, ತನಗೆ ಬರೆದುಕೊಟ್ಟ ಮಾದರಿಯೊಳಗೆ ಕೂಡಿಸಿ ಕಳೆದರೆ ಸಿಗುತ್ತದೆ. ಹಾಲುವಾಣದ ಸಾಲು ಮೂರನೆಯ ಬಗೆಯದು. ಅಲ್ಲಿ ಸಿಲ್ವರ್ ಓಕ್ ಮರ ಹಾಕಬಹುದಿತ್ತು, ಹಲಸು ಬಿಡಬಹುದಿತ್ತು, ಆ ಅಂಚಿಗೆ ಅರೇಬಿಕಾ ಬದಲು ರೋಬಸ್ಟಾ ಹಾಕಬಹುದಿತ್ತು. ಅಪ್ಪ ಇವನ್ನೆಲ್ಲ ಯೋಚಿಸಿಯೇ ಇರಬೇಕು. ಬಿಟ್ಟ ದಾರಿಗಳು ಯಾವುವು, ಯಾಕೆ ಬಿಟ್ಟರು ಅನ್ನುವುದು ಮಾದರಿಯೊಳಗೆ ಎಲ್ಲೂ ಸಿಗುವುದಿಲ್ಲ. ಅದನ್ನು ಯಾರಾದರೂ ಆ ಹೊತ್ತಿನಲ್ಲೇ ಬರೆದಿಡಬೇಕು.

ಇದನ್ನು ಬರೆದಿಡುವ ಕ್ರಮ ಎಐ ಲೋಕದ ಹೊರಗೆ ಹುಟ್ಟಿತು. ಜರ್ಮನಿಯ ಹೋರ್ಸ್ಟ್ ರಿಟಲ್ ಮತ್ತು ವರ್ನರ್ ಕುನ್ಜ್ 1970ರಲ್ಲಿ ಒಂದು ಸರಳ ವಿಧಾನ ಮುಂದಿಟ್ಟರು. ಮೊದಲು ಪ್ರಶ್ನೆ ಬರೆಯಿರಿ. ಅದರ ಕೆಳಗೆ ಯಾರು ಯಾವ ಉತ್ತರ ಕೊಟ್ಟರು ಬರೆಯಿರಿ. ಪ್ರತಿ ಉತ್ತರದ ಪರ, ವಿರೋಧ ಬರೆಯಿರಿ. ಊರು ಕಟ್ಟುವುದು, ರಸ್ತೆ ಹಾಕುವುದು ಇಂಥ ಜಗಳದ ವಿಷಯಗಳಿಗೆ ಅವರು ಇದನ್ನು ಯೋಚಿಸಿದ್ದರು. ಆಮೇಲೆ ಇದು ಸಾಫ್ಟ್‌ವೇರ್ ವಿನ್ಯಾಸಕ್ಕೂ ಬಂತು. ಡಿಸೈನ್ ರ‍್ಯಾಷನಾಲ್ ಅನ್ನುವ ಹೆಸರು ಅಲ್ಲಿ ನೆಲೆಯಾಯಿತು. ಕಟ್ಟಿದ್ದರ ನಕ್ಷೆ ಮಾತ್ರ ಇಟ್ಟರೆ ಸಾಲದು, ಹಾಗೆ ಕಟ್ಟಿದ್ದರ ವಾದವನ್ನೂ ಇಡಬೇಕು ಅನ್ನುವ ವಿಚಾರ.

ಕಾರಣ ಬಿಟ್ಟು ನಿಯಮ ಮಾತ್ರ ಬರೆದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ಯಾವಾಗಲೂ ನೆನಪಾಗುವುದು ಮೈಸಿನ್. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ಈ ವ್ಯವಸ್ಥೆ, ಸೋಂಕಿಗೆ ಯಾವ ಆ್ಯಂಟಿಬಯೋಟಿಕ್ ಕೊಡಬೇಕು ಅಂತ ಸಲಹೆ ಕೊಡುತ್ತಿತ್ತು. ನೂರಾರು ನಿಯಮಗಳು. ಯಾಕೆ ಅಂತ ಕೇಳಿದರೆ ಉತ್ತರವನ್ನೂ ಕೊಡುತ್ತಿತ್ತು, ಈ ನಿಯಮ ಬಳಸಿದೆ ಅಂತ. ವಿಲಿಯಂ ಕ್ಲಾನ್ಸಿ ಇದನ್ನೇ ಇಟ್ಟುಕೊಂಡು ವಿದ್ಯಾರ್ಥಿಗಳಿಗೆ ಪಾಠ ಹೇಳುವ ವ್ಯವಸ್ಥೆ ಮಾಡಲು ಹೊರಟರು. ಅಲ್ಲಿ ಸಿಕ್ಕಿಬಿದ್ದರು. ಎಂಟು ವರ್ಷದೊಳಗಿನ ಮಗುವಿಗೆ ಟೆಟ್ರಾಸೈಕ್ಲಿನ್ ಕೊಡಬೇಡಿ ಅನ್ನುವುದು ಒಂದು ನಿಯಮ. ಯಾಕೆ? ಆ ಔಷಧಿ ಬೆಳೆಯುವ ಮೂಳೆ, ಹಲ್ಲಿನಲ್ಲಿ ಸೇರಿಕೊಳ್ಳುತ್ತದೆ, ಹಲ್ಲಿಗೆ ಶಾಶ್ವತ ಕಲೆ ಬರುತ್ತದೆ. ಇದು ಮೈಸಿನ್‌ನೊಳಗೆ ಎಲ್ಲೂ ಇರಲಿಲ್ಲ. ಬರೆದ ಡಾಕ್ಟರಿಗೆ ಗೊತ್ತಿತ್ತು, ಅಷ್ಟೇ. ಕಾರಣ ಗೊತ್ತಿರುವ ಡಾಕ್ಟರು ಮಗುವಿನ ಜೀವ ಹೋಗುವ ಹೊತ್ತಿನಲ್ಲಿ, ಬೇರೆ ಔಷಧಿ ಇಲ್ಲದಿದ್ದರೆ, ಹಲ್ಲಿನ ಕಲೆಯಾದರೂ ಪರವಾಗಿಲ್ಲ ಅಂತ ನಿಯಮ ಮುರಿಯಬಹುದು. ನಿಯಮ ಮಾತ್ರ ಗೊತ್ತಿರುವವರು ಮುರಿಯಲಾರರು. ಅಥವಾ ಮುರಿಯಬಾರದ ಕಡೆ ಮುರಿಯುತ್ತಾರೆ. ನಾವು ಹಾಲುವಾಣ ಬೋಳಿಸಿದ ಹಾಗೆ.

ಕ್ಲಾನ್ಸಿ ಇದನ್ನು ಪ್ರಕಟಿಸಿದ್ದು 1983ರಲ್ಲಿ. ಅದೇ ಹೊತ್ತಿಗೆ ನಮ್ಮ ಹಾಸನದಲ್ಲಿ ಬೇರೆ ರೀತಿಯ ಯೋಜನೆಗಳು ಶುರುವಾಗಿದ್ದವು. ಸಾಲಗಾಮೆ ರಸ್ತೆಯಲ್ಲಿ ಹೋದರೆ ದೊಡ್ಡ ದೊಡ್ಡ ಬಿಳಿ ಆಂಟೆನಾಗಳು ಕಾಣುತ್ತವಲ್ಲ, ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. 1982ರಿಂದ ದೇಶದ ಭೂಸ್ಥಿರ ಉಪಗ್ರಹಗಳನ್ನು ಅಲ್ಲಿಂದ ನಡೆಸುತ್ತಾರೆ. ಸುಮಾರು 36,000 ಕಿಲೋಮೀಟರ್ ದೂರದಲ್ಲಿರುವ ವಸ್ತು. ಕೈಗೆ ಸಿಗುವುದಿಲ್ಲ. ಇನ್ಸಾಟ್-1ಎ 1982ರ ಏಪ್ರಿಲ್‌ನಲ್ಲಿ ಹೋಯಿತು, ಇಂಧನ ಮುಗಿದು ಸೆಪ್ಟೆಂಬರ್‌ನಲ್ಲೇ ಕೈಬಿಡಬೇಕಾಯಿತು. ಮರು ವರ್ಷ ಆಗಸ್ಟ್‌ನಲ್ಲಿ ಹೋದ ಇನ್ಸಾಟ್-1ಬಿಯ ಸೌರ ಫಲಕ ಮೊದಲು ಸರಿಯಾಗಿ ಬಿಚ್ಚಿಕೊಳ್ಳಲಿಲ್ಲ. ಸೆಪ್ಟೆಂಬರ್ ನಡುವಿನ ಹೊತ್ತಿಗೆ ಬಿಚ್ಚಿತು, ಆಮೇಲೆ ಅದು ವರ್ಷಗಟ್ಟಲೆ ದುಡಿಯಿತು. ಬರೆದಿಟ್ಟ ಯೋಜನೆ ಇಂಥ ದಿನ ಅರ್ಧಕ್ಕೆ ನಿಲ್ಲುತ್ತದೆ. ಆಗ ಮುಂದಿನ ಹೆಜ್ಜೆಗಳನ್ನು ಹಿಂದೆ ಮುಂದೆ ಮಾಡಬೇಕಾದರೆ, ಪ್ರತಿ ಹೆಜ್ಜೆ ಅಲ್ಲಿ ಯಾಕಿತ್ತು ಅಂತ ಗೊತ್ತಿರಬೇಕು.

ಇನ್ನೊಂದು ಉದಾಹರಣೆ. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸು ಸುಮಾರು 45 ದಿನ ಭೂಸ್ಥಿರ ಉಪಗ್ರಹ ದಿನಕ್ಕೊಮ್ಮೆ ಭೂಮಿಯ ನೆರಳಿಗೆ ಬರುತ್ತದೆ. ಹೆಚ್ಚೆಂದರೆ 72 ನಿಮಿಷ. ಅಷ್ಟು ಹೊತ್ತು ಬ್ಯಾಟರಿ ಮೇಲೆಯೇ ಬದುಕು. ಬ್ಯಾಟರಿಯನ್ನು ಎಷ್ಟರವರೆಗೆ ಖಾಲಿ ಮಾಡಬಹುದು ಅನ್ನುವುದಕ್ಕೆ ಮಿತಿ ಇರುತ್ತದೆ. ಉಪಗ್ರಹ ಹತ್ತು ಹನ್ನೆರಡು ವರ್ಷಕ್ಕೂ ಹೆಚ್ಚು ಬಾಳುತ್ತದೆ. ಮಿತಿ ಹಾಕಿದ ಎಂಜಿನಿಯರ್ ಅಷ್ಟರಲ್ಲಿ ನಿವೃತ್ತಿಯಾಗಿರಬಹುದು. ಬ್ಯಾಟರಿ ಹಳತಾದಾಗ ಆ ಮಿತಿ ಬದಲಿಸಬಹುದೇ ಅಂತ ಹೊಸಬರು ಕೇಳಿದರೆ, ಬರೀ ಅಂಕಿ ಉತ್ತರ ಕೊಡುವುದಿಲ್ಲ. ನಾಸಾದ ಶಟಲ್ ಹಾರಾಟದ ನಿಯಮ ಪುಸ್ತಕಗಳಲ್ಲಿ ನಿಯಮದ ಕೆಳಗೇ ಅದರ ಕಾರಣವನ್ನೂ ಅಚ್ಚು ಮಾಡುತ್ತಿದ್ದರು. ತಪ್ಪಿಗೆ ಬೆಲೆ ಜಾಸ್ತಿ ಇರುವ ಕಡೆ ಜನ ಇದನ್ನು ಮೊದಲೇ ಕಲಿತಿದ್ದಾರೆ.

ಕಾಫಿ ಗಿಡಕ್ಕೂ ಉಪಗ್ರಹಕ್ಕೂ ಈ ಒಂದು ವಿಷಯದಲ್ಲಿ ಹೋಲಿಕೆ ಇದೆ ಅನಿಸುತ್ತದೆ. ಎರಡೂ ಒಮ್ಮೆ ಇಟ್ಟರೆ ವರ್ಷಗಟ್ಟಲೆ, ಗಿಡವಾದರೆ ಮೂವತ್ತು ನಲವತ್ತು ವರ್ಷ. ನೆಟ್ಟವರು ಒಬ್ಬರು, ನೋಡಿಕೊಳ್ಳುವವರು ಇನ್ನೊಬ್ಬರು. ನಡುವೆ ಸಿಗುವುದು ಒಂದು ಪುಸ್ತಕ ಮಾತ್ರ.

ಈಗ ಚಾಟ್ ಮಾಡುವ ಎಐ ವಿಷಯಕ್ಕೆ ಬರೋಣ. ಇವತ್ತು ಕನ್ನಡದಲ್ಲೇ ಕೇಳಬಹುದು, "ನೆರಳು ಯಾವಾಗ ತೆಗೆಯಲಿ?" ಅಂತ. ಚೆಂದದ ಉತ್ತರ ಬರುತ್ತದೆ. ಯಾಕೆ ಅಂತ ಕೇಳಿದರೆ ಕಾರಣವನ್ನೂ ಹೇಳುತ್ತದೆ, ತಡಬಡಾಯಿಸುವುದಿಲ್ಲ. ಹಾಗಾದರೆ ಸಮಸ್ಯೆ ಬಗೆಹರಿಯಿತೇ?

ನನಗೆ ಹಾಗೆ ಅನಿಸುವುದಿಲ್ಲ. ಈಗ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿರುವ ಅದೇ ಕಂಭಂಪಾಟಿ ಮತ್ತು ಅವರ ವಿದ್ಯಾರ್ಥಿಗಳು ಇದನ್ನು ಪರೀಕ್ಷೆ ಮಾಡಿದ್ದಾರೆ. ಬಣ್ಣದ ಬ್ಲಾಕ್‌ಗಳನ್ನು ಒಂದರ ಮೇಲೊಂದು ಇಡುವ, ಮಕ್ಕಳ ಆಟದಂಥ ಹಳೇ ಪ್ಲಾನಿಂಗ್ ಲೆಕ್ಕ ಕೊಟ್ಟರು. 2023ರಲ್ಲಿ ಜಿಪಿಟಿ-4 ಸುಮಾರು ಮೂರರಲ್ಲಿ ಒಂದು ಸರಿ ಮಾಡಿತು. ಆಮೇಲೆ ಲೆಕ್ಕ ಅದೇ ಇಟ್ಟು ಹೆಸರುಗಳನ್ನು ಮಾತ್ರ ಬದಲಿಸಿದರು. ಎತ್ತು, ಇಡು ಅನ್ನುವ ಬದಲು ಸಂಬಂಧವೇ ಇಲ್ಲದ ಪದಗಳು. ಫಲಿತಾಂಶ ನೆಲ ಕಚ್ಚಿತು. 2024ರಲ್ಲಿ ಬಂದ, ನಿಧಾನ ಯೋಚಿಸಿ ಉತ್ತರಿಸುವ ಒ1-ಪ್ರಿವ್ಯೂ ಮಾದರಿ ಮೊದಲ ಲೆಕ್ಕದಲ್ಲಿ ನೂರಕ್ಕೆ 97 ದಾಟಿತು. ದೊಡ್ಡ ಸುಧಾರಣೆಯೇ. ಹೆಸರು ಬದಲಿಸಿದಾಗ ಅದೂ ಅರ್ಧದ ಆಸುಪಾಸಿಗೆ ಇಳಿಯಿತು. ಹೆಸರು ಬದಲಾದರೆ ಕಾರಣ ಬದಲಾಗುವುದಿಲ್ಲ, ಅಲ್ವಾ? ಕಾರಣದ ಕೊಂಡಿ ಹಿಡಿದು ಹೋಗುವ ಹಳೇ ಕಾಲದ ಪ್ಲಾನರ್‌ಗೆ ಎರಡೂ ಒಂದೇ ಲೆಕ್ಕ.

ಚಾಟ್ ಎಐ ಹೇಳುವ ಕಾರಣ, ಅದು ನಿಜವಾಗಿ ಬಳಸಿದ ಕಾರಣವೇ ಆಗಿರಬೇಕು ಅಂತಿಲ್ಲ. ಉತ್ತರ ಬಂದ ಮೇಲೆ ಅದಕ್ಕೆ ಹೊಂದುವ ಮಾತು ಜೋಡಿಸಿರಬಹುದು. ಓದುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಇದು ನನ್ನನ್ನು ಜಾಸ್ತಿ ಕಾಡುತ್ತದೆ. ಅಪ್ಪನ ಪುಸ್ತಕದಲ್ಲಿ ಕಾರಣ ಇಲ್ಲ ಅನ್ನುವುದು ನನಗೆ ಕಾಣುತ್ತಿತ್ತು. ಖಾಲಿ ಜಾಗ ಕಂಡರೆ ಯಾರನ್ನಾದರೂ ಕೇಳಬೇಕು ಅನಿಸುತ್ತದೆ. ನಾನು ಕೇಳಲಿಲ್ಲ, ಅದು ನನ್ನ ತಪ್ಪು. ಖಾಲಿ ಜಾಗದಲ್ಲಿ ಚೆಂದದ ಮಾತು ತುಂಬಿದ್ದರೆ ಕೇಳುವ ಯೋಚನೆಯೇ ಬರುವುದಿಲ್ಲ.

ಕಂಭಂಪಾಟಿ ತಂಡ ಸೂಚಿಸುವುದು ನಡುದಾರಿ. ಚಾಟ್ ಎಐ ಹಿಂದಿರುವ ಭಾಷೆಯ ಮಾದರಿ ಯೋಜನೆಯ ಕರಡು ಕೊಡಲಿ, ಕರಾರುವಾಕ್ಕಾಗಿ ಪರೀಕ್ಷೆ ಮಾಡುವ ಬೇರೆ ಸಾಫ್ಟ್‌ವೇರ್ ಅದನ್ನು ತಿದ್ದಲಿ. ಇದು ಒಳ್ಳೆಯ ದಾರಿ ಅಂತ ನನ್ನ ನಂಬಿಕೆ. ಆದರೆ ಪರೀಕ್ಷೆ ಮಾಡುವ ಆ ಸಾಫ್ಟ್‌ವೇರ್‌ಗೆ ತೋಟದ ಮಾದರಿ ಬೇಕು. ಬೋರ್ಡೋ ಕತ್ತಿಯ ಪರೀಕ್ಷೆ, ಅಂಚಿನ ಹಾಲುವಾಣ, ಹೂವಿನ ದಿನದ ನೀರು, ಇವೆಲ್ಲ ಅದರಲ್ಲಿ ಬರೆದಿರಬೇಕು. ಅದನ್ನು ಬರೆಯುವವರು ಯಾರು?

ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಿಂದ ಕೆಲಸ ಮಾಡುತ್ತಿದೆ. ತಳಿ, ರೋಗ, ನೆರಳು ಎಲ್ಲದರ ಬಗ್ಗೆ ಅಲ್ಲಿ ಕಾರಣ ಸಹಿತ ತಿಳಿವಳಿಕೆ ಇದೆ. ಅದು ಅರ್ಧ ಭಾಗ. ಇನ್ನರ್ಧ ಇರುವುದು ಮೇಸ್ತ್ರಿಗಳ, ತೋಟದ ಲೆಕ್ಕ ಬರೆಯುವ ರೈಟರ್‌ಗಳ, ಹಣ್ಣು ಕೊಯ್ಯುವ ಹೆಂಗಸರ ತಲೆಯಲ್ಲಿ. ಈ ಇಳಿಜಾರು, ಈ ಕೆರೆ, ಈ ಸಾಲು ಅನ್ನುವ ತಿಳಿವಳಿಕೆ. ಆ ತಲೆಮಾರಿಗೆ ವಯಸ್ಸಾಗಿದೆ. ಈಗ ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಅಸ್ಸಾಂ, ಬಂಗಾಳದಿಂದ ಬಂದವರು ಜಾಸ್ತಿ. ಚೆನ್ನಾಗಿ ದುಡಿಯುತ್ತಾರೆ. ಆದರೆ ಮುಂದಿನ ವರ್ಷ ಬೇರೆ ತೋಟದಲ್ಲಿರಬಹುದು. ಬಾಯಿಂದ ಬಾಯಿಗೆ ಹೋಗುತ್ತಿದ್ದ ಕಾರಣ ಈಗ ಹೋಗುವುದಕ್ಕೆ ದಾರಿಯೇ ಇಲ್ಲ.

ಅನುಭವಸ್ಥರ ತಿಳಿವಳಿಕೆಯನ್ನು ಹೊರಗೆ ತೆಗೆಯುವುದೇ ಎಐಗೆ ಇಕ್ಕಟ್ಟಿನ ಜಾಗ ಅಂತ ಕಂಪ್ಯೂಟರ್ ವಿಜ್ಞಾನಿ ಎಡ್ವರ್ಡ್ ಫೈಗೆನ್‌ಬಾಮ್ 1970ರ ದಶಕದಲ್ಲೇ ಹೇಳಿದ್ದರು. ನಾನೂ ಕಳೆದ ಎರಡು ವರ್ಷದಿಂದ ನಮ್ಮ ಹಳೇ ಮೇಸ್ತ್ರಿಯ ಜೊತೆ ಕೂತು ಬರೆಯುತ್ತಿದ್ದೇನೆ. ಒಂದು ವಿಷಯ ಬೇಗ ಗೊತ್ತಾಯಿತು. "ಯಾಕೆ?" ಅಂತ ನೇರ ಕೇಳಬಾರದು. ನಮ್ಮ ಕಡೆ ಹಾಗೆ ಕೇಳಿದರೆ ಅನುಮಾನ ಪಟ್ಟ ಹಾಗೆ ಕೇಳಿಸುತ್ತದೆ. "ಮೊದಲಿಂದ ಹಂಗೇ ಮಾಡೋದು" ಅಂತ ಉತ್ತರ ಬರುತ್ತದೆ, ಮಾತು ಅಲ್ಲಿಗೆ ನಿಲ್ಲುತ್ತದೆ. "ಹಾಗೆ ಮಾಡದೇ ಇದ್ದರೆ ಏನಾಗುತ್ತೆ?" ಅಂತ ಕೇಳಿ. "ನೀವು ರಜೆ ಹಾಕಿದ ದಿನ ಹೊಸಬ ಎಲ್ಲಿ ಕೆಡಿಸ್ತಾನೆ?" ಅಂತ ಕೇಳಿ. ಆಗ ಬಾಯಿ ಬಿಡುತ್ತಾರೆ. ಯಾವ ವರ್ಷ ಯಾರು ಏನು ಕೆಡಿಸಿದರು ಅನ್ನುವುದರಿಂದ ಶುರುವಾಗಿ ಕಾರಣ ತಾನಾಗಿ ಬರುತ್ತದೆ. ಹಾಲುವಾಣದ ಕಥೆ ನನಗೆ ಪೂರ್ತಿ ಗೊತ್ತಾಗಿದ್ದೂ ಹೀಗೆಯೇ. ಅದಕ್ಕೂ ಹಿಂದೆ ಒಮ್ಮೆ ಆ ಸಾಲನ್ನು ತೆಗೆಸಿ, ಬೋರರ್ ಬಂದು, ಅಪ್ಪ ಗೂಟ ಊರಿ ಮತ್ತೆ ಹಾಲುವಾಣ ಬೆಳೆಸಿದ್ದರು. ನಾನು ಅವರ ತಪ್ಪನ್ನೇ ಮತ್ತೆ ಮಾಡಿದ್ದೆ.

ಈಗ ನಮ್ಮ ಪುಸ್ತಕದಲ್ಲಿ ಪ್ರತಿ ನಿಯಮದ ಕೆಳಗೆ ಮೂರು ಸಾಲು ಇರುತ್ತದೆ. ಕಾರಣ ಏನು. ಬೇರೆ ಏನು ಯೋಚಿಸಿ ಬಿಟ್ಟೆವು. ಏನಾದರೆ ಈ ನಿಯಮ ಬೇಡ. ಮೂರನೆಯದು ಬರೆಯುವುದೇ ಕಷ್ಟ, ಅದೇ ಜಾಸ್ತಿ ಉಪಯೋಗಕ್ಕೆ ಬರುವುದು. ಹಾಲುವಾಣದ ಕೆಳಗೆ ಹೀಗಿದೆ: "ಸಂಜೆ ಬಿಸಿಲು ಕಾಂಡಕ್ಕೆ ಬೀಳಬಾರದು, ಬೋರರ್. ಸಿಲ್ವರ್ ಯೋಚಿಸಿದೆವು, ನೆರಳು ಕೆಳಗೆ ಇಳಿಯುವುದಿಲ್ಲ. ಈ ಅಂಚಿಗೆ ರೋಬಸ್ಟಾ ಹಾಕಿದರೆ ಈ ನಿಯಮ ಮತ್ತೆ ನೋಡಬೇಕು." ಮೇಸ್ತ್ರಿ ಹೇಳಿದ್ದರೆ ಅವರ ಹೆಸರೂ ಬರೆಯುತ್ತೇನೆ. ನಾಳೆ ಇದು ಯಾವುದಾದರೂ ಎಐಗೆ ಹೋದರೆ, ತಿಳಿವಳಿಕೆ ಯಾರದು ಅನ್ನುವುದು ಜೊತೆಗೇ ಹೋಗಬೇಕು. ಕಂಪನಿಗಳು ತೋಟದ ಅಂಕಿ ಕೇಳಿಕೊಂಡು ಬಂದಾಗ ಈ ಮಾತು ಒಪ್ಪಂದದಲ್ಲಿ ಬರಬೇಕು ಅಂತ ಬೆಳೆಗಾರರ ಸಂಘಗಳು ಈಗಲೇ ಕೇಳಬೇಕು. ಮಾದರಿ ಕಟ್ಟಿ ಮುಗಿದ ಮೇಲೆ ಕೇಳಿದರೆ ತಡವಾಗುತ್ತದೆ.

ಅಪ್ಪನ ಪುಸ್ತಕದಲ್ಲಿ ಇನ್ನೊಂದು ಸಾಲಿದೆ. "ನಾಲ್ಕನೇ ಬ್ಲಾಕಿಗೆ ಸುಣ್ಣ ಹಾಕುವ ಮೊದಲು ಕೇಳಿ." ಯಾರನ್ನು ಕೇಳಬೇಕು ಅಂತ ಇಲ್ಲ. ಪ್ರಾಯಶಃ ಅವರನ್ನೇ. ಮೇಸ್ತ್ರಿಗೂ ಅದರ ನೆನಪಿಲ್ಲ. ಆ ಬ್ಲಾಕಿನ ಮಣ್ಣನ್ನು ಮೊನ್ನೆ ಮೂರು ಕಡೆ ಅಗೆದು, ಬೇರೆ ಬೇರೆ ಚೀಲದಲ್ಲಿ ಹಾಕಿ ಪರೀಕ್ಷೆಗೆ ಕೊಟ್ಟು ಬಂದಿದ್ದೇನೆ. ವರದಿ ಬರುವವರೆಗೆ ಆ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ "ಕಾರಣ ಗೊತ್ತಿಲ್ಲ, ಹುಡುಕುತ್ತಿದ್ದೇವೆ" ಅಂತ ಬರೆದಿಟ್ಟಿದ್ದೇನೆ.